ಹೆಗಲ ಮೇಲಿನ ಸುಣ್ಣ

ಬೀದಿಯ ಮೂಲೆಯಲ್ಲಿ ಕತ್ತು ಒಡೆದ ಮಡಕೆ ಇಟ್ಟಿದ್ದೇವೆ,
ಹೋಗುವವರು ಬರುವವರು ಹೊಯ್ದು ಹೋಗಲಿ ಎಂದು.
ಸುಬುರಾ ಕೇರಿಯ ಉಚ್ಚೆಯೆಲ್ಲ ಹೀಗೆ ನಮ್ಮ ಮನೆ ಸೇರುತ್ತದೆ.
ಅದು ಹಳಸಬೇಕು. ಹಳಸಿದಷ್ಟೂ ಬಿಳಿ ಹೆಚ್ಚು.
ಆಮೇಲೆ ತೊಟ್ಟಿಗಿಳಿದು, ಎರಡೂ ಬದಿಯ ಗೋಡೆ ಹಿಡಿದು
ತುಳಿಯುತ್ತೇನೆ, ಇಪ್ಪತ್ತೆರಡು ವರ್ಷದಿಂದ.
ಕಾಲ್ಬೆರಳ ಸಂದಿ ಮೀನಿನ ಹೊಟ್ಟೆಯಂತಾಗಿದೆ;
ತ್ರೆಬಿಯಾ ಚಳಿಗಾಲದಲ್ಲೂ
ನನ್ನ ಪಾದಗಳನ್ನು ಹೊದಿಕೆಯ ಹೊರಗೇ ಇಡಿಸುತ್ತಾಳೆ.

ಹುದ್ದೆಗೆ ನಿಲ್ಲುವವರ ಟೋಗಾ ಬರುವುದು ಬೇಸಿಗೆಯಲ್ಲಿ.
ರಸ್ತೆ, ಸಂತೆ, ಸ್ನಾನದ ಮನೆ, ಕಳ್ಳ ತಕ್ಕಡಿ,
ಎಲ್ಲ ನಾನು ನೋಡಿಕೊಳ್ಳುತ್ತೇನೆ ಅನ್ನುವವನಿಗೆ
ಮೊದಲು ಬೇಕಾದ್ದು ಸುಣ್ಣ.
ತುಳಿದು, ಜಾಲಾಡಿಸಿ, ಬೆತ್ತದ ಗೂಡಿನ ಮೇಲೆ ಹರವಿ
ಕೆಳಗೆ ಗಂಧಕದ ಹೊಗೆ ಹಾಕಿ, ಕೊನೆಗೆ ಅಂಗೈಯಲ್ಲಿ
ಸೀಮೆಸುಣ್ಣ ತಿಕ್ಕಬೇಕು, ನೂಲು ನೂಲಿಗೂ.
ದೂರದಿಂದ ದೇವರು. ಹತ್ತಿರ ಬಂದರೆ ಕೆಮ್ಮು.

ವೆಸೋನಿಯುಸನ ಟೋಗಾ ನೆನೆದರೆ ಕುರಿಮರಿಯ ತೂಕ.
ಮೂರು ಸಂತೆ ಕಳೆಯಿತು, ಬಾಕಿ ಹನ್ನೆರಡು ಕಾಸು.
ಕೇಳಲು ಹೋದರೆ ಬಾಗಿಲ ಆಳು,
'ಗೆಲ್ಲಲಿ ಬಿಡು ಮಾರಾಯ' ಅಂದ.

ಒಂದು ಬೆಳಿಗ್ಗೆ ಅವನೇ ಬಂದ.
ಹಿಂದೆ ನಲವತ್ತು ಜನ, ಪಕ್ಕದಲ್ಲಿ ಹೆಸರು ಉಸುರುವ ಮುದುಕ,
ಊರಿನ ಹೆಸರುಗಳನ್ನೆಲ್ಲ ನಾಲಿಗೆಯ ಮೇಲಿಟ್ಟುಕೊಂಡು
ಒಡೆಯನ ಕಿವಿಗೇ ಅಂಟಿಕೊಂಡವನು.
ನಾನು ತೊಟ್ಟಿಯಲ್ಲಿದ್ದೆ. ಮುದುಕ ಕಣ್ಣು ಕಿರಿದುಮಾಡಿ ಏನೋ ಉಸುರಿದ.
ವೆಸೋನಿಯುಸ್ ಬಗ್ಗಿದ. ಮೂಗು ಮುಚ್ಚಲಿಲ್ಲ, ಅದನ್ನು ಹೇಳಲೇಬೇಕು.
ನನ್ನ ಹೆಗಲು ತಬ್ಬಿ ಕೂಗಿದ:
'ಹಿಲಾರುಸ್! ಎಷ್ಟು ದಿನವಾಯ್ತು!'

ಹಿಲಾರುಸ್ ನನ್ನ ಅಣ್ಣ.
ಸತ್ತು ಆರು ವರ್ಷ. ಇದೇ ತೊಟ್ಟಿ, ಇದೇ ಕೆಮ್ಮು.
ಇಬ್ಬರನ್ನೂ ಒಂದೇ ಮನೆಯಲ್ಲಿ ಕೊಂಡಿದ್ದರು,
ಒಂದೇ ದಿನ ಬಿಡುಗಡೆ ಮಾಡಿ ಟೋಪಿ ಹಾಕಿದರು
(ಮೋಸವಲ್ಲ, ನಿಜವಾದ ಟೋಪಿ, ಉಣ್ಣೆಯದು).

ತಿದ್ದಬಹುದಿತ್ತು.
ಆದರೆ ಆರು ವರ್ಷದಲ್ಲಿ ಯಾರೂ ಆ ಹೆಸರನ್ನು
ಇಷ್ಟು ಜೋರಾಗಿ ಕೂಗಿರಲಿಲ್ಲ.
'ಚೆನ್ನಾಗಿದ್ದೇನೆ ಒಡೆಯಾ' ಅಂದೆ, ಅವನ ದನಿಯಲ್ಲಿ,
ತುಸು ಮೂಗಿನಿಂದ. ಹಿತ್ತಲಲ್ಲಿ ತ್ರೆಬಿಯಾ
ಒಂದು ಗಳಿಗೆ ಬಟ್ಟೆ ಬಡಿಯುವುದನ್ನು ನಿಲ್ಲಿಸಿದಳು.
ಬಾಕಿಯ ಮಾತು ಎತ್ತಲಿಲ್ಲ. ಸತ್ತವನಿಗೆ ಎಂಥ ಬಾಕಿ?

ಮತದ ದಿನ ಮಾರ್ಸ್ ಬಯಲಿಗೆ ಹೋದೆ.
ಕುರಿದೊಡ್ಡಿ ಅಂತಲೇ ಆ ಜಾಗಕ್ಕೆ ಹೆಸರು, ನಾನಿಟ್ಟದ್ದಲ್ಲ.
ಮೂವತ್ತೈದು ಕುಲ, ಮೂವತ್ತೈದು ದೊಡ್ಡಿ.
ನಮ್ಮಂಥವರನ್ನೆಲ್ಲ ನಾಲ್ಕರೊಳಗೆ ತುರುಕಿದ್ದರು;
ಉಳಿದವುಗಳಲ್ಲಿ ಜಮೀನಿನವರು ಕೈಬೀಸಿ ಅಡ್ಡಾಡುತ್ತಿದ್ದರು.
ಬೆವರು, ಬೆಳ್ಳುಳ್ಳಿ, ಯಾರದೋ ಮಡಿಲಲ್ಲಿ ಒಣ ಅಂಜೂರ.
ನಡುಹಗಲು ದಾಟಿ ಕೈಗೆ ಮೇಣದ ಹಲಗೆ ಬಂತು.
ನನಗೆ ಬರುವ ಅಕ್ಷರವೆಂದರೆ ಬಟ್ಟೆಯ ಮೂಲೆಗೆ ಹಾಕುವ ಗುರುತುಗಳಷ್ಟೇ.
ಅವನ ಟೋಗಾದ ಗುರುತನ್ನೇ ಕೊರೆದು ಬುಟ್ಟಿಗೆ ಹಾಕಿದೆ.

ಫಲಿತಾಂಶ ಕೂಗುವುದು ಚೀಟಿ ಎತ್ತಿದ ಸರದಿಯಲ್ಲಿ.
ಹದಿನೆಂಟನೆಯ ಕುಲಕ್ಕೇ ಅವನು ಗೆದ್ದಾಗಿತ್ತು.
ಅಲ್ಲಿಗೆ ನಿಲ್ಲಿಸಿ ತುತ್ತೂರಿ ಊದಿದರು.
ನಮ್ಮ ಕುಲದ ಹೆಸರು ಇನ್ನೂ ಮಡಕೆಯೊಳಗೇ ಇತ್ತು.

ಅವನು ತಬ್ಬಿದ ದಿನದ ಅಂಗಿ ಮೊಳೆಗೆ ತೂಗುತ್ತಿತ್ತು,
ಎಡ ಹೆಗಲ ಮೇಲೆ ತೋಳಿನಗಲ ಬಿಳಿ.
'ನಿಕೆಪೋರ್, ಸುಣ್ಣ ಅದು. ಒದರಿದರೆ ಹೋಗುತ್ತೆ'
ಅಂದಳು ತ್ರೆಬಿಯಾ.
ಗೊತ್ತು. ತಿಕ್ಕಿದವನು ನಾನೇ.

ಚಳಿಗಾಲಕ್ಕೆ ಅವನ ಹೊಸ ಟೋಗಾ ಬಂತು, ಕೆನ್ನೀಲಿ ಅಂಚಿನದು,
ಅಂಚಿನ ಮೇಲೆ ಮೀನಿನ ಸಾರು.
ಹೊತ್ತು ತಂದ ಹುಡುಗ ಬಾಗಿಲಲ್ಲಿ ನಿಂತು,
'ಹಿಲಾರುಸನ ಅಂಗಡಿ ಇದೇನಾ?' ಅಂದ.
ತೊಟ್ಟಿಯಿಂದ ಕಾಲೆತ್ತದೆ
'ಇದೇ' ಅಂದೆ.