ಬೀಸಿದ್ದು

ಉಮದಿಯ ಬಸ್‌ಸ್ಟ್ಯಾಂಡಿನೆದುರು ನನ್ನ ಝೆರಾಕ್ಸ್ ಅಂಗಡಿ.
ಹೊರಗಿನ ಬೋರ್ಡು ಮರಾಠಿ, ಒಳಗಿನ ಬೈಗುಳ ಕನ್ನಡ,
ಪ್ರಿಂಟರು ಎರಡಕ್ಕೂ ಜಗ್ಗುವುದಿಲ್ಲ.

ಗಣಪತಿ ಕೂಡುವ ಹೊತ್ತಿಗೆ ವರ್ಷಕ್ಕೊಮ್ಮೆ
ತಂಗೆವ್ವ ಬರುತ್ತಾಳೆ,
ಪಾಸ್‌ಬುಕ್ಕನ್ನು ಎಲೆಯಡಿಕೆ ಚೀಲದಿಂದ ತೆಗೆದು
ಸುಣ್ಣದ ಬೆರಳಲ್ಲೇ ನನ್ನ ಮುಂದೆ ಚಾಚುತ್ತ:
'ಬಂತೇನಪಾ ನನ್ನ ಗಾಳಿ ರೊಕ್ಕ?'

ಗುಡ್ಡದ ಮೇಲೆ ಹದಿನೇಳು ಕಂಬ ನಿಲ್ಲಿಸಲು ಬಂದವರಿಗೆ
ಎರಡು ವರ್ಷ ಖಾನಾವಳಿ ನಡೆಸಿದವಳು.
ತಮಿಳರಿಗೆ ಅನ್ನ, ಬಿಹಾರದವರಿಗೆ ಚಪಾತಿ,
ಯಾವುದೋ ತಂಪು ದೇಶದಿಂದ ಬಂದ ಕೆಂಪು ಮೋರೆಯವನಿಗೆ
ಖಾರವಿಲ್ಲದ ಬರೀ ಮೊಸರು ರೊಟ್ಟಿ.
ಕೊನೆಯ ಬಿಲ್ಲು ಚುಕ್ತಾ ಆದ ದಿನ
ಸೈಟಿನ ಎಂಜಿನಿಯರನನ್ನು ಕೇಳಿದಳಂತೆ:
'ಈ ಕಂಬದಾಗ ನನಗೂ ಒಂದು ಪಾಲು ಸಿಗತದೇನು?'
ಅವನು ನಗಲಿಲ್ಲ.
ಮೂವತ್ತೆಂಟು ರೂಪಾಯಿಗೊಂದರಂತೆ
ಪವನಧಾರಾ ಎನರ್ಜಿಯ ಇನ್ನೂರು ಶೇರು ಕೊಡಿಸಿದ.
ಕಾಗದದ ಮೇಲೆ ಅವಳ ಹೆಸರು 'ತಾಂಗೆವಾ' ಆಗಿತ್ತು.
'ಇರಲಿ ಬಿಡು. ರೊಕ್ಕಕ್ಕ ದಾರಿ ಗೊತ್ತಾದ್ರ ಸಾಕು.'

ಮೊದಮೊದಲು ಅವಳ ಲೆಕ್ಕ ಸರಳ:
ರೆಕ್ಕೆ ಜೋರು ತಿರುಗಿದರೆ ದರ ಏರಬೇಕು.
ಆಷಾಢದ ಒಂದು ರಾತ್ರಿ
ಮರಾಠಿ ಶಾಲೆಯ ತಗಡು ಹಾರಿ
ಕನ್ನಡ ಶಾಲೆಯ ಅಂಗಳಕ್ಕೆ ಬಿತ್ತು.
ಬೆಳಗಾಗುವುದರಲ್ಲಿ ತಂಗೆವ್ವ ನನ್ನ ಬಾಗಿಲಲ್ಲಿ:
'ಎಷ್ಟು ಏರೇತಿ?'
ನಾಲ್ಕು ರೂಪಾಯಿ ಇಳಿದಿತ್ತು.
ಬಡ್ಡಿ ದರ ಅಂದೆ. ತ್ರೈಮಾಸಿಕ ಫಲಿತಾಂಶ ಅಂದೆ.
ಪರದೇಶದ ಫಂಡುಗಳು ಮಾರಿಕೊಂಡು ಹೋದವು ಅಂದೆ.
ಮೊಬೈಲಿನಲ್ಲಿ ಓದಿದ್ದು ಅಷ್ಟೇ ಇತ್ತು.
ಅವಳು ಕವಳ ಈ ದವಡೆಯಿಂದ ಆ ದವಡೆಗೆ ದಾಟಿಸಿ ಅಂದಳು:
'ಅಂದ್ರ ಬೀಸೂದು ಇಲ್ಲಿ,
ಹಿಟ್ಟು ಬೀಳೂದು ಮುಂಬೈದಾಗ.'

ಆಮೇಲೊಂದು ವರ್ಷ ಬಂತು ನೋಡಿ,
ಎಲ್ಲರ ಬಾಯಲ್ಲೂ ಹಸಿರು, ಹಸಿರು.
ಎಂಬತ್ತು. ನೂರಾ ಮೂವತ್ತು. ನೂರಾ ತೊಂಬತ್ತೆಂಟು.
ಹೆಂಡತಿಯ ಭಿಶಿ ಎತ್ತಿ ನಾನೂ ಅರವತ್ತು ಶೇರು ಕೊಂಡೆ,
ಅವಳಿಗೆ ಹೇಳದೆ. ಯಾರಿಗೂ ಹೇಳದೆ.
ಇನ್ನೂರಾ ಹನ್ನೆರಡಾದ ದಿನ ತಂಗೆವ್ವನಿಗೆ
ಬುದ್ಧಿ ಬೇರೆ ಹೇಳಿದೆ:
'ಅತ್ತಿ, ಗಾಳಿ ಬಂದಾಗ ತೂರಿಕೋಬೇಕು.'
'ನೀ ಯಾವಾಗರೆ ರಾಶಿ ಮಾಡೀಯೇನು?' ಅಂದಳು.
'ಇಂಥಾ ಗಾಳ್ಯಾಗ ತೂರಿದ್ರ
ಹೊಟ್ಟಿನ ಕೂಡ ಕಾಳೂ ಹೋಗತಾವ.'
ಮಾರಲಿಲ್ಲ.
ಅದು ಜಾಣತನವೋ ಹಟವೋ ನನಗೆ ಇಂದಿಗೂ ತಿಳಿದಿಲ್ಲ,
ಯಾಕೆಂದರೆ ಅಂದು ಮಾರಿದ್ದರೆ
ಅವಳ ಮನೆಗೆ ಸ್ಲ್ಯಾಬ್ ಬೀಳುತ್ತಿತ್ತು.

ಈಗ ಐವತ್ತನಾಲ್ಕು.

ಇವತ್ತು ಪಾಸ್‌ಬುಕ್ ತೆರೆದು ಓದಿದೆ:
ಲಾಭಾಂಶ, ಶೇರಿಗೆ ಒಂದೂವರೆ ರೂಪಾಯಿ,
ಒಟ್ಟು ಮುನ್ನೂರು.
'ಮತ್ತ ನಿಂದು?'
ಬೆಚ್ಚಿಬಿದ್ದೆ. ಯಾರು ಹೇಳಿದರೋ.
ಉಮದಿಯಲ್ಲಿ ಗುಟ್ಟಿನ ಆಯುಷ್ಯ ಒಂದು ಚಹಾದಷ್ಟು.
'ತೊಂಬತ್ತು,' ಅಂದೆ.
ಮೂವತ್ತೆಂಟಕ್ಕೆ ಕೊಂಡವಳಿಗೂ ಒಂದೂವರೆ,
ನೂರಾ ತೊಂಬತ್ತೆಂಟಕ್ಕೆ ಬಿದ್ದವನಿಗೂ ಒಂದೂವರೆ.
ಎಷ್ಟಕ್ಕೆ ಕೊಂಡೆ ಎಂದು ಅದು ಕೇಳುವುದಿಲ್ಲ,
ಪಂಕ್ತಿಯಲ್ಲಿ ಬಡಿಸುತ್ತ ಹೋಗುವವರ ಹಾಗೆ.
ಹೆಂಡತಿ ಕೇಳುತ್ತಾಳೆ, ಆ ಮಾತು ಬೇರೆ.

ಅವಳು ಹತ್ತರ ನೋಟು ಮೇಜಿನ ಮೇಲಿಟ್ಟು
'ಓದಿದ್ದಕ್ಕ' ಅಂದು ಹೊರಗೆ ನಿಂತಳು.
ಧೂಳೆಬ್ಬಿಸುವ ಗಾಳಿ. ಗುಡ್ಡದಲ್ಲಿ ಹದಿನಾರು ತಿರುಗುತ್ತಿವೆ,
ತುದಿಯದು ಸುಮ್ಮನೆ ನಿಂತಿದೆ.
ಕೆಟ್ಟಿಲ್ಲ ಅತ್ತಿ, ಅಂದೆ,
ಆದ ಕರೆಂಟನ್ನು ಕೊಳ್ಳುವವರಿಲ್ಲ ಅಂತ ನಿಲ್ಲಿಸುತ್ತಾರೆ.
ಬಹಳ ಹೊತ್ತು ನೋಡಿದಳು.
'ಬಡಿದ ರೊಟ್ಟಿ ಉಣ್ಣಾಕ ಮಂದಿ ಬರಲಿಲ್ಲಂದ್ರ
ಹಿಂಗ ಆಗತೈತಿ,' ಅಂದಳು,
'ಒಲಿ ಆರಿಸಿ ಕುಂದರಬೇಕು.'
ಜತ್ತದ ಬಸ್ಸು ಬಂತು. ಹತ್ತಿದಳು.

ಶಟರ್ ಎಳೆಯುವ ಮುಂಚೆ ನಾನು
ಇನ್ನೊಮ್ಮೆ ದರ ನೋಡಿದೆ.
ಶನಿವಾರ. ಮಾರ್ಕೆಟ್ಟು ಬಂದ್ ಇತ್ತು.