ಮುಳಗುಂದ ನಾಕಾದಾಗ ಒಂದು ಖುಕ್ರಿ

ತಿದಿ ಒತ್ತಾಂವ ನನ್ನ ಗಂಡ, ಸುತಗಿ ಎತ್ತಾಕಿ ನಾನು.
ಹಿಂಗಾಗಿ ನಮ್ಮ ಮುಂದ ನಿಂತವರೆಲ್ಲ
ಮಾತಾಡೋದು ಅವನ ಜೋಡಿ, ನೋಡೋದು ನನ್ನ ರಟ್ಟಿ.
ಆ ಮುದುಕ ಹಂಗಲ್ಲ.
ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಚೀಲದಿಂದ
ಅರಿವ್ಯಾಗ ಸುತ್ತಿದ್ದನ್ನ ತಗದು
ನೆಟ್ಟಗ ನನ್ನ ಕೈಯಾಗ ಇಟ್ಟ:
"ನೋಡವಾ, ಇದರ ಬಾಯಿ ಒಂಚೂರು ಮುರದೈತಿ."

ಡೊಂಕ ಕತ್ತಿ. ಆರು ತಿಂಗಳ ಬಸರಿ ಹಂಗ
ಭಾರ ಎಲ್ಲಾ ಮುಂದ.
ನದಾಫರ ಮೌಲಾಸಾಬ,
ಗೂರ್ಖಾ ಪಲ್ಟನ್ನಿನಾಗ ಇಪ್ಪತ್ತೆರಡು ವರ್ಷ ಲಾಂಗ್ರಿ.
ಅಂದರ ಅಡಗಿಯಾಂವ, ಅಂತ ತಾನ ಬಿಡಿಸಿ ಹೇಳಿದ.

ಗ್ಯಾರೇಜಿನ ಹುಡುಗರು ಬಂದು ಮುತ್ತಿದ್ರು.
"ಕಾಕಾ, ಒರಿಯಿಂದ ತಗದ ಮ್ಯಾಲ
ರಗತ ಕುಡೀಲಾರದ ಒಳಗ ಹೋಗಂಗಿಲ್ಲಂತಲ್ಲಾ?"
"ಹೌದಪಾ. ದಿನಾ ಎರಡ ಹೊತ್ತು.
ಉಳ್ಳಾಗಡ್ಡಿ ರಗತ."

ಮತ್ತೇನು ಕಡದ್ರಿ?
ಬರ್ಫ. ಕಲ್ಲಿನಂಥಾ ಬರ್ಫ ಕಡದು ಪಾತೇಲ್ಯಾಗ ಹಾಕಿ
ನಸುಕಿನ್ಯಾಗ ಚಾಕ್ಕ ಇಟ್ಟರ ಹೊತ್ತೇರಿದ ಮ್ಯಾಲ ಕುದಿ.
ದೇವದಾರದ ಬೊಡ್ಡಿ. ಹಾಲಿನ ಡಬ್ಬಿ ಮುಚ್ಚಳ.
ಒಮ್ಮೆ, ಹೇಸರಗತ್ತಿ ಕಾಲು ಜಾರಿ ಕಮರಿಗೆ ಜೋತಾಗ
ಹೇರಿನ ಹಗ್ಗ. ಒಂದ ಏಟು.
ಅಕ್ಕಿ ಚೀಲ ನಾಕೂ ಹೋದವು,
ಕತ್ತಿ ಕತ್ತೀನ ಉಳಿಸ್ತು.
ಎಂಟು ದಿನ ಬಿಸ್ಕೀಟು ತಿಂದು
ಪಲ್ಟನ್ ಪಲ್ಟನ್ನೇ ನನ್ನ ಬೈತು, ಅಂದ.

ಹುಡುಗರು ಒಬ್ಬೊಬ್ರ ಜಾರಿದ್ರು.
ತಲಿ ಒಂದೂ ಉಳ್ಳಲಿಲ್ಲ ಆ ಕತಿಯಾಗ.

ನಾ ಸಾಣಿಗೆ ಒಂದೀಟು ತಾಗಿಸಿ ಕಿಡಿ ನೋಡ್ದೆ.
"ಇದು ಲಾರಿ ಕಮಾನ್ ಪಟ್ಟಿರೀ!"
"ಮತ್ತೇನಂತ ತಿಳಕೊಂಡಿ?"
ನಮ್ಮ ಕುಡಗೋಲೂ ಅದರದ, ಕೊಯ್ತಾನೂ ಅದರದ.
ಯಾವ ಘಾಟ್ ಹತ್ತಿ ಇಳದಿತ್ತೋ ಈ ತುಂಡು,
ಎಷ್ಟು ಟನ್ ಸಿಮೆಂಟಿನ ಕೆಳಗ ಬಾಗಿ
ಮತ್ತ ಎದ್ದಿತ್ತೋ.

ಹಿಡಿಕಿ ಹಂತೇಕ, ಬಾಯಿ ಶುರುವಾಗೂ ಕಡೆ, ಸಣ್ಣ ಗಚ್ಚು.
"ಅದು ಮುರದದ್ದಲ್ಲ, ಮುಟ್ಟಬ್ಯಾಡ.
ಒಬ್ಬ ಆಕಳ ಗೊರಸು ಅಂತಾನ, ಒಬ್ಬ ತ್ರಿಶೂಲ,
ಇನ್ನೊಬ್ಬ, ಹಸಿ ಹಿಡಿಕಿಗೆ ಇಳೀದಂಗ ತಡ್ಯಾಕ ಅಂತಾನ.
ಕತ್ತಿ ಕೊಟ್ಟ ಜಸಬೀರನ್ನ ಕೇಳ್ದೆ.
ನಮ್ಮಜ್ಜ ಹಿಂಗ ಮಾಡತಿದ್ದ, ಅಂದ."

ಒರಿಯ ಬೆನ್ನಿಗೆ ಎರಡು ಸಣ್ಣ ಗೂಡು.
ಒಂದರಾಗ ಬಾಯಿಲ್ಲದ ಮೊಂಡು: ಮಸಿಯಾಕ, ಕಿಡಿ ಹಾರಸಾಕ.
"ಚಕ್ಮಕ್ ಅಂತಾರ."
"ನಾವೂ ಚಕಮಕಿ ಅಂತೀವಲ್ಲರೀ."
"ಹೌದಲ್ಲ," ಅಂದ,
ಇಷ್ಟು ವರ್ಷದಾಗ ಮೊದಲನೇ ಸಲ ಕಿವಿಗೆ ಬಿದ್ದಂಗ.
ಇನ್ನೊಂದು ಖಾಲಿ.
ಅದರಾಗಿನ ಕರ್ದಾ, ಬೆರಳುದ್ದದ ಚಾಕು,
ಜಸಬೀರ ತಾನ ಇಟಗೊಂಡನಂತ:
ದೊಡ್ಡದು ನಿನಗ, ಸೇಬು ಸುಲ್ಯಾಕ ಇದೊಂದು ನನಗಿರ್ಲಿ.
ಪೋಖರಾದ ಆಚೆ ಎಲ್ಲೋ ಊರು.
ಫೋನು ಹತ್ತಂಗಿಲ್ಲ, ಈಗ ನಾಕು ವರ್ಷ.

ನಾ ತಿಳಕೊಂಡೆ: ಗೆಳ್ಯಾನ ನೆನಪು,
ಖಾಲಿ ಗೂಡು ಹಂಗ ಕಾಯ್ಕೊಂಡು ಕುಂತಾನ ಅಂತ.
"ಇನ್ನೊಂದು ಮಾಡಿ ಕೊಡವಾ," ಅಂದ ಮುದುಕ,
"ಸುಮ್ನ ಇರಬಿ ಹೊಕ್ಕಾವ."

ಮೂಲ್ಯಾಗ ಬಿದ್ದಿದ್ದ ಪಟ್ಟಿ ತುಂಡು ಕಾಸಿ
ಗಂಡ ಇಕ್ಕಳದಾಗ ಹಿಡದ, ನಾ ಬಡದೆ.
ನೀರಾಗ ಅದ್ದಿದಾಗ ಅದು ಬೆಕ್ಕಿನಂಗ ಬುಸ್ಸಂತು.
ಕಡೀಕ, ಯಾರೂ ಕೇಳದನ,
ಬೆನ್ನಿನ ಮ್ಯಾಲ ಉಳಿಲೆ ಮೂರು ಚುಕ್ಕಿ.

"ಇವು ಯಾಕ?"
ನಾ ಸೆರಗಿಲೆ ಮಾರಿ ಒರಸಕೊಂಡೆ.
"ನಮ್ಮತ್ತಿ ಹಿಂಗ ಮಾಡತಿದ್ಲು."

ದವಡಿ ಹಲ್ಲು ಕಾಣೂಹಂಗ ನಕ್ಕ.
ಎಂಬತ್ತು ಅಂದದ್ದಕ್ಕ ಜಗ್ಯಾಡಿ ಎಪ್ಪತ್ತು ಕೊಟ್ಟ.
ಚಾಕು ಗೂಡಿಗೆ ನೂಕಿದ.
ನಾಕೈದು ಇರಬಿ ಗಡಿಬಿಡೀಲೆ ಹೊರಗ ಬಂದು
ಒರಿ ಮ್ಯಾಲ ಅತ್ತಾಗ ಇತ್ತಾಗ ತಿರಗಿ
ಅವನ ಕೈ ಹತ್ತಿದವು.