ಕಿಂಡಿ

ಹದಿನೇಳು ವರ್ಷ ಐಸ್‌ಕ್ರೀಂ ಹೊತ್ತ ಗಾಡಿ ಇದು.
ಗಾಂಧಿ ಬಜಾರಿನಿಂದ ರಿಪ್ಪನ್‌ಪೇಟೆವರೆಗೆ
ಬಿಸಿಲನ್ನು ಹೊರಗೆ ನಿಲ್ಲಿಸಿಯೇ ಓಡಿದ್ದು.
ಕಂಪನಿ ಮುಚ್ಚಿದಾಗ ಧಣಿ
ಬಾಕಿ ಸಂಬಳದ ಬದಲು ಕೀ ಕೊಟ್ಟರು.
ಈಗ ಅದರ ಹೊಟ್ಟೆಯಲ್ಲಿ ನಮ್ಮ ಹಾಸಿಗೆ,
ಒಂದು ಒಲೆ, ಮೂರು ತಟ್ಟೆ.
ಮೂರನೆಯದು ಯಾರಿಗೆ ಅಂತ ಇನ್ನೂ ಗೊತ್ತಿಲ್ಲ.

ಹಾಲೇಶಿ ಬಂದವರಿಗೆಲ್ಲ ಗೋಡೆ ತಟ್ಟಿ ತೋರಿಸುತ್ತಾನೆ:
"ನಾಲ್ಕು ಇಂಚು ಥರ್ಮೋಕೋಲು!
ಮಾಗಿ ಚಳಿಗೆ ಇದು ಹೆದರುತ್ತಾ?
ಚಳಿಯನ್ನೇ ಸಾಕಿ ಬೆಳೆಸಿದ್ದು."

ಆಟೋ ಕಾಂಪ್ಲೆಕ್ಸಿನ ಮುನೀರ್ ಸಾಬರು
ಗೋಡೆಯ ಕಡೆ ನೋಡಲೇ ಇಲ್ಲ.
ಕುಕ್ಕರಗಾಲಲ್ಲಿ ಕೂತು
ಟೈರಿನ ಗೀರಿನೊಳಗೆ ರೂಪಾಯಿ ನಾಣ್ಯ ನಿಲ್ಲಿಸಿದರು.
ನಾಣ್ಯ ಮುಳುಗಲಿಲ್ಲ.
"ಮಂಡಗದ್ದೆ ದಾಟಿದರೆ ಬೆಳಗಿನ ಜಾವದ ಡಾಂಬರು
ಎಣ್ಣೆ ಸವರಿದ ಕಾವಲಿ, ತಿಳೀತಾ?"
ಎರಡು ಟೈರು ಹೊಸತು ಬಂತು,
ನನ್ನ ಚೀಟಿ ದುಡ್ಡು ಹೋಯಿತು.

ಮಗಳು ತಸ್ಲೀಮಾ
ಸೋಡಾಪುಡಿ ಕಲಸಿದ ಬಿಸಿನೀರು ಹೊಯ್ದು
ಬ್ಯಾಟರಿಯ ಕಿವಿಯಿಂದ ಹಸಿರು ಕಿಲುಬು ತೊಳೆದಳು.
ಬಂಪರಿನ ಕೆಳಗೆ ಹಳದಿ ದೀಪ ಕಟ್ಟಿದಳು,
"ಬಿಳೀ ಬೆಳಕು ಮಂಜಿಗೆ ಬಡಿದು
ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತೆ, ಅಕ್ಕ."
ಗ್ಯಾಸಿನ ಪೈಪಿಗೆ ಸೋಪಿನ ನೊರೆ ಮೆತ್ತಿದಾಗ
ಒಂದು ಕಡೆ ಗುಳ್ಳೆ ಎದ್ದಿತು,
ಶೀತ ಹಿಡಿದ ಮಗುವಿನ ಮೂಗಿನ ಹಾಗೆ.
ಪೈಪು ಕಿತ್ತು ಬಿಸಾಡಿದಳು.

ಆಮೇಲೆ ಡ್ರಿಲ್ಲು ತಂದಳು.

"ಎಲ್ಲಿಗೆ?" ಅಂದ ಹಾಲೇಶಿ.
"ಗೋಡೆಗೆ. ಕೆಳಗೊಂದು, ಮೇಲೊಂದು."

ಹದಿನೇಳು ವರ್ಷ ಬಾಗಿಲ ರಬ್ಬರು ಕಾದವನು ಅವನು.
ಇರುವೆ ಹೋಗುವಷ್ಟು ಸಂದಿಯಾದರೂ
ಸರಕೆಲ್ಲ ಹಾಲಾಗಿ ಹರಿದ ಲೆಕ್ಕ
ನಾನೇ ಬರೆದಿದ್ದೆ, ಅವನ ಸಂಬಳದಲ್ಲೇ ಕಳೆದಿದ್ದೆ.
"ಚಳಿಗಾಲಕ್ಕೆ ಅಂತ ತಂದ ಗಾಡಿಗೆ
ಚಳಿ ಬರಲಿಕ್ಕೆ ದಾರಿನಾ?"

ತಸ್ಲೀಮಾ ಕನ್ನಡಕ ಏರಿಸಿದಳು.
"ಐಸ್‌ಕ್ರೀಮಿಗೆ ಉಸಿರು ಬೇಡ, ಮಾಮಾ.
ನಿಮಗೆ ಬೇಕು.
ಬಾಗಿಲು ಬಿಗಿದು ಒಲೆ ಹಚ್ಚಿ ಮಲಗಿದರೆ
ಬೆಚ್ಚಗೇ ಇರ್ತೀರಿ,
ಬೆಳಿಗ್ಗೆ ಏಳೋದಿಲ್ಲ."

ಡ್ರಿಲ್ಲು ಒಳಗಿಳಿದಾಗ ಅವನು ಮುಖ ತಿರುಗಿಸಿದ.
ಬಿಳಿ ಕಾಳು ಉದುರಿ ತಲೆಗೆ ಅಂಟಿತು,
ಮೂರು ದಿನ ಬಾಚಿದರೂ ಹೋಗಲಿಲ್ಲ.

ಮಾಸ್ತಿಕಟ್ಟೆಯ ಈಚೆ, ರಸ್ತೆ ಬಿಟ್ಟು ಒಳಗೆ,
ಸಮತಟ್ಟು ನೋಡಿ ನಿಲ್ಲಿಸಿದೆವು.
ಚಕ್ರಕ್ಕೆ ಮರದ ಅಡ್ಡೆ ಕೊಟ್ಟೆವು.
ಒಲೆ ಆರಿಸಿ, ಸಿಲಿಂಡರಿನ ಕಿವಿ ತಿರುಚಿ,
ಎರಡು ಸಲ ತಿರುಚಿ,
ಎರಡು ಕಂಬಳಿಯೊಳಗೆ ಒಂದಾದೆವು.
ಮಂಜು ಚಾವಣಿಯ ಮೇಲೆ ನಡೆಯುತ್ತಿತ್ತು.

ನಡುರಾತ್ರಿ ಎಚ್ಚರ.
ಒಳಗೆ ಎಲ್ಲ ದಪ್ಪ, ಹಳಸಿದ ಬೆಚ್ಚಗೆ.
ಕಿಟಕಿಯ ಗಾಜು ನಮ್ಮ ಉಸಿರನ್ನೇ
ಹನಿ ಮಾಡಿ ದಿಂಬಿಗೆ ಬಿಡುತ್ತಿತ್ತು.
ಟಾರ್ಚು ಹಾಕಿ ನೋಡಿದರೆ
ಕೆಳಗಿನ ಕಿಂಡಿಯಲ್ಲಿ ಹಾಲೇಶಿಯ ಕಾಲುಚೀಲ.
ಮೇಲಿನದರಲ್ಲಿ ಅದರ ಜೋಡಿ.

ಬೈಯಲಿಲ್ಲ. ಎರಡನ್ನೂ ಕಿತ್ತೆ.
ಚಳಿ ಒಂದು ಬೆರಳಾಗಿ ಬಂದು
ನನ್ನ ಹಣೆ ಮುಟ್ಟಿ,
ಅವನ ಹಣೆ ಮುಟ್ಟಿ,
ಇದ್ದೀರಾ ಅಂತ ಕೇಳಿದ ಹಾಗಾಯಿತು.
ಅವನು ನಿದ್ದೆಯಲ್ಲೇ
"ಬಾಗಿಲು ಹಾಕೋ, ಕರಗುತ್ತೆ" ಅಂದ.
ಕಾಲುಚೀಲ ಅವನ ಕಾಲಿಗೆ ಹಾಕಿದೆ.

ಬೆಳಿಗ್ಗೆ ಬಾಗಿಲು ಬಡಿದ ಸದ್ದು.
ಮಂಜಿನಲ್ಲಿ ಹಾಲಿನ ಕ್ಯಾನು ಹಿಡಿದ ಹುಡುಗಿ,
ತಲೆಗೆ ಟವೆಲು, ಹಲ್ಲು ಕಟಕಟ.
ನಾವು ಹೊಡೆಸಿದ ನೀಲಿ ಬಣ್ಣದ ಕೆಳಗೆ
ಹಳೆಯ ಕೋನಿನ ಚಿತ್ರ ಎದ್ದು ಕಾಣುತ್ತಿತ್ತಂತೆ.

"ಐಸ್‌ಕ್ರೀಂ ಉಂಟಾ?"

ಹಾಲೇಶಿ ನನ್ನ ಮುಖ ನೋಡಿದ.
ನಾನು ಮೂರನೆಯ ತಟ್ಟೆ ತೆಗೆದೆ.